ಕೊಳಲಿನ ಕತ್ತು

ಮರಗಳು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತಂತೆ. ಆ ಕಾಲದ ರಾಜನೊಬ್ಬನ ಬಳಿ ಒಂದು ಕೊಳಲು. ಅದರ ದನಿ ತಗ್ಗು, ಆಗಷ್ಟೇ ನಿದ್ದೆಯಿಂದ ಎದ್ದವರು ಮಾತಾಡಿದ ಹಾಗೆ. ಆಸ್ಥಾನದ ಬೇರೆ ವಾದ್ಯಗಳದ್ದೆಲ್ಲ ಎತ್ತರದ ದನಿ. ಎಲ್ಲವೂ ಕೂಡಿ ನುಡಿದಾಗ ಕೊಳಲೊಂದೇ ಮೆಟ್ಟಿಲ ಕೆಳಗೆ ನಿಂತು ಮೇಲಿನವರನ್ನು ಮಾತಾಡಿಸುತ್ತಿರುವಂತೆ ಕೇಳುತ್ತಿತ್ತು. ರಾಜನಿಗೆ ಮುಜುಗರ. ಬಡಗಿಯನ್ನು ಕರೆಸಿ "ಇದನ್ನ ಸರಿಮಾಡು" ಅಂದ. ಬಡಗಿ ಕೊಳಲಿನ ಕತ್ತಿನಿಂದ ಒಂದು ಉಂಗುರದಷ್ಟು ಕೊಯ್ದ. ಕೊಳಲು ಗಿಡ್ಡವಾಯಿತು, ದನಿ ಏರಿತು, ರಾಜ ತಲೆದೂಗಿದ. ಆದರೆ ಅಂದಿನಿಂದ ಆ ಕೊಳಲಿಗೆ ತನ್ನ ತಾಯಿಮರ ಕರೆದರೂ ಗುರುತು ಸಿಗದೆ ಹೋಯಿತು.

ಅಜ್ಜಿ ಕಥೆಯನ್ನು ಇಲ್ಲಿಗೆ ತಂದು ನಿಲ್ಲಿಸಿಬಿಡುತ್ತಿದ್ದಳು.

"ಕೊಯ್ದ ಚೂರು ಏನಾಯ್ತಜ್ಜಿ?"

"ಬಡಗಿ ಇಟ್ಕೊಂಡ. ಒಲೆಗೆ ಹಾಕೋಕೆ ಮನಸ್ಸು ಬರಲಿಲ್ಲ."

"ಎಲ್ಲಿಟ್ಕೊಂಡ?"

"ಎಲ್ಲರ ಕಣ್ಣಿಗೂ ಬೀಳೋ ಕಡೆ."

"ಆಮೇಲೆ?"

"ಆಮೇಲಿಂದು ನನಗೆ ಬರಲ್ಲ. ನೀನು ದೊಡ್ಡವಳಾಗಿ ಆ ಕೊಳಲಿಗೆ ಅದರ ದನಿ ಹುಡುಕಿಕೊಡು. ಈಗ ಸ್ವಲ್ಪ ಕಣ್ಣು ಮುಚ್ಚು ಮಾರಾಯ್ತಿ, ನನಗೂ ಅರ್ಧ ಗಂಟೆ ನಿದ್ದೆ ಬೇಕು."

"ಕೊಡ್ತೀನಿ" ಎಂದು ಮೊಮ್ಮಗಳು ಅಜ್ಜಿಯ ಅಂಗೈ ಮೇಲೆ ಅಂಗೈಯಿಟ್ಟು ಮಾತು ಕೊಡುತ್ತಿದ್ದಳು. ಮಧ್ಯಾಹ್ನದ ಕಥೆ ಪ್ರತಿ ಸಲವೂ ಅಲ್ಲೇ ನಿಲ್ಲುತ್ತಿದ್ದುದರಿಂದ ಪ್ರತಿ ಸಲವೂ ಮಾತು ಕೊಡಬೇಕಾಗುತ್ತಿತ್ತು. ಅಜ್ಜಿಯ ಸೊಂಟದ ಬೀಗದಕೈ ಗೊಂಚಲು ಹಿಡಿದುಕೊಂಡು, ಅದರ ಮೇಲೆ ಉಗುರು ಎಳೆಯುತ್ತ ಹುಡುಗಿ ನಿದ್ದೆ ಹೋಗುತ್ತಿದ್ದಳು.

ಈಗ ಅವಳಿಗೆ ಇಪ್ಪತ್ತೇಳು. ಅಜ್ಜಿ ಹೋಗಿ ನಾಲ್ಕು ವರ್ಷ. ಅವಳ ಕೆಲಸ ವಸ್ತುಸಂಗ್ರಹಾಲಯದ ವಾದ್ಯ ದುರಸ್ತಿ ಕೋಣೆಯಲ್ಲಿ. ದೊಡ್ಡ ಮೆಟ್ಟಿಲ ಅಡಿಯ, ಎರಡು ಮೇಜು ಹಾಕಿದರೆ ಮೂರನೆಯ ಕುರ್ಚಿಗೆ ಜಾಗವಿಲ್ಲದ ಕೋಣೆ. ಒಂದು ಮೇಜು ಅವಳದು, ಇನ್ನೊಂದು ದೊಡ್ಡಪ್ಪನದು. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದ ದೊಡ್ಡಪ್ಪ ಅಲ್ಲಿ ಮೂವತ್ತಾರು ವರ್ಷದಿಂದ ಮುರಿದ ವಾದ್ಯಗಳನ್ನು ಕೂಡಿಸುತ್ತ ಬಂದವನು. ತಮ್ಮನ ಮಗಳಿಗೆ ಉಳಿ ಹಿಡಿಯುವುದರಿಂದ ಹಿಡಿದು ಅಂಟು ಕಾಯಿಸುವವರೆಗೆ ಎಲ್ಲ ಕಲಿಸಿದವನು. ಈ ತಿಂಗಳ ಕೊನೆಗೆ ಅವನಿಗೆ ನಿವೃತ್ತಿ. ಕಿವಿ ಆಗಲೇ ಅರ್ಧ ನಿವೃತ್ತಿ ತೆಗೆದುಕೊಂಡಿತ್ತು.

"ಏ ಮೋಡದಮ್ಮ, ಇಳಿದು ಬಾ. ಅಂಟು ಹೆಪ್ಪುಗಟ್ತಾ ಇದೆ" ಎನ್ನುತ್ತಿದ್ದ, ಅವಳು ಕುಂಚ ಹಿಡಿದುಕೊಂಡೇ ಕಿಟಕಿಯತ್ತ ನೋಡುತ್ತ ಕುಳಿತಾಗ. ಆ ಹೆಸರು ಇಡೀ ಕಟ್ಟಡಕ್ಕೆ ಹಬ್ಬಿ, ಬಾಗಿಲು ಕಾಯುವವನೂ ಈಗ ಹಾಗೆಯೇ ಕರೆಯುತ್ತಿದ್ದ.

ಸೋಮವಾರ ಬೆಳಿಗ್ಗೆ ಮೇಡಂ ಮೆಟ್ಟಿಲಿಳಿದು ಬಂದು ಕೋಣೆಯ ಬಾಗಿಲಲ್ಲೇ ನಿಂತರು. ಸಂಗ್ರಹಾಲಯದ ಮುಖ್ಯಸ್ಥೆ ಅವರು. ಒಳಗೆ ಬಂದರೆ ಸೀರೆಗೆ ಅಂಟು ತಾಗುತ್ತದೆಂಬ ಭಯ ಅವರಿಗೆ.

"ಹಳೇ ಕೊಳಲಿನ ಕಾರ್ಡು ಹೊಸದಾಗಿ ಬರೀಬೇಕು. ಹೊಸ ಗಾಜಿನ ಪೆಟ್ಟಿಗೆ ಬರ್ತಿದೆ. ಹಾಗೇ ಕೊಳಲು ಮಾಡೋರಿಗೂ ಅಳತೆ ಕಳಿಸಬೇಕು, ಸಂಗೀತಶಾಲೆಗೆ ಇನ್ನೂ ಮೂವತ್ತು ಬೇಕಂತೆ. ಶನಿವಾರದೊಳಗೆ ಆಗುತ್ತಾ?"

"ಅಳತೆ ಇದೆಯಲ್ಲ" ಎಂದ ದೊಡ್ಡಪ್ಪ, ತಲೆ ಎತ್ತದೆ. "ಶ್ರುತಿ ನಾನೂರ ಒಂಬತ್ತು. ಹಳೇ ಕಾರ್ಡು ನೋಡಿ ಹೊಸದಕ್ಕೆ ಬರೆದರೆ ಮುಗೀತು."

"ಶ್ರುತಿ ಅಳೆಯೋ ಹೊಸ ಉಪಕರಣ ಬಂದಿದೆಯಲ್ಲ ದೊಡ್ಡಪ್ಪ" ಎಂದಳು ಅವಳು. "ಮತ್ತೊಂದು ಸಲ ನೋಡಿಬಿಡ್ತೀನಿ. ಶನಿವಾರ ಖಂಡಿತ ಕೊಡ್ತೀನಿ ಮೇಡಂ."

ದೊಡ್ಡಪ್ಪ ಸಾಮಾನ್ಯವಾಗಿ ಇಂಥ ಮಾತಿಗೆ ಏನಾದರೊಂದು ಕೊಂಕು ನುಡಿಯದೆ ಬಿಡುವವನಲ್ಲ. ಅಂದು ಸುಮ್ಮನೆ ಕನ್ನಡಕ ಒರೆಸಿಕೊಂಡ.

ಕೊಳಲು ಇನ್ನೂರೈವತ್ತು ವರ್ಷ ಹಳೆಯದು. ಜೇನಿನ ಬಣ್ಣದ ಗಟ್ಟಿ ಮರ, ನಾಲ್ಕು ತುಂಡು. ಒಂದು ತುಂಡಿನ ತುದಿಯನ್ನು ಸಣ್ಣಗೆ ಕಡೆದು ಪಕ್ಕದ ತುಂಡಿನೊಳಗೆ ಕೂರಿಸುವುದು. ಸಣ್ಣ ತುದಿಗೆ ಆ ಕೋಣೆಯಲ್ಲಿ ಕತ್ತು ಎನ್ನುತ್ತಿದ್ದರು, ಅದು ಕೂರುವ ಜಾಗಕ್ಕೆ ಗೂಡು. ಬಿಗಿಯಾಗಿ ಕೂರಲೆಂದು ಕತ್ತಿಗೆ ನೂಲು ಸುತ್ತುತ್ತಾರೆ. ಈಗ ಹೆಚ್ಚಿನ ಕಡೆ ವಾದ್ಯಗಳು ಒಂದೇ ಶ್ರುತಿಗೆ ಹೊಂದಿಕೊಳ್ಳುತ್ತವೆ, ಶ್ರುತಿಸ್ವರವೆಂಬ ಒಂದು ಗೊತ್ತಾದ ಸ್ವರ ಸೆಕೆಂಡಿಗೆ ನಾನೂರ ನಲವತ್ತು ಸಲ ಕಂಪಿಸಬೇಕೆಂದು. ಆ ಕಾಲಕ್ಕೆ ಹಾಗಿರಲಿಲ್ಲ. ಊರಿಗೊಂದು ಶ್ರುತಿ, ಕೆಲವೆಡೆ ಬೀದಿಗೊಂದು. ಈ ಕೊಳಲು ಹುಟ್ಟಿದ ಊರಿನ ಗಂಟೆ ಕರಗಿ ಹೋಗಿದೆ, ತಂತಿಗಳು ತುಕ್ಕು ಹಿಡಿದಿವೆ, ಹಾಡಿದವರಂತೂ ಇಲ್ಲ. ಉದ್ದ ಮಾರ್ಪಡದ ಕೊಳಲೊಂದು ಸಿಕ್ಕರೆ ಮಾತ್ರ ಅಂದಿನವರು ಯಾವ ಎತ್ತರದಲ್ಲಿ ನುಡಿಸಿದರೆಂದು ಇವತ್ತು ಹೇಳಬಹುದು. ಈ ಕೊಳಲಿನ ಬೆಲೆಯೆಲ್ಲ ಅಲ್ಲಿತ್ತು. ದೊಡ್ಡಪ್ಪನ ದುಂಡು ಅಕ್ಷರದಲ್ಲಿ ಹಳೆಯ ಕಾರ್ಡು ಹೇಳುತ್ತಿತ್ತು: ಹುಟ್ಟಿದಾಗ ಇದ್ದಂತೆಯೇ ಇದೆ. ಯಾರೂ ಮುಟ್ಟಿಲ್ಲ. ಶ್ರುತಿ ೪೦೯.

ಅಷ್ಟು ಹಳೆಯ ಮರಕ್ಕೆ ಬಿಸಿಯುಸಿರು ವಿಷವಿದ್ದಂತೆ, ಒಳಗೆ ತೇವ ಕೂತರೆ ಬಿರುಕು ಬಿಡುತ್ತದೆ. ಆದ್ದರಿಂದ ದಿನಕ್ಕೆ ಐದೇ ನಿಮಿಷ ಊದಬೇಕೆಂಬ ನಿಯಮ. ಸೋಮವಾರದ ಐದು ನಿಮಿಷದಲ್ಲಿ ಅವಳು ಎಲ್ಲ ರಂಧ್ರ ಮುಚ್ಚಿ ಊದಿದಳು, ಒಂದೊಂದೇ ತೆರೆಯುತ್ತ ಮೇಲೆ ಹೋದಳು. ಶ್ರುತಿಸ್ವರ ನಾನೂರ ಒಂಬತ್ತು, ಕಾರ್ಡು ಸುಳ್ಳಲ್ಲ. ಆದರೆ ಕೆಳಗಿನ ಸ್ವರಗಳು ಜೋತುಬಿದ್ದಿದ್ದವು, ಮೇಲಿನವು ತುದಿಗಾಲಲ್ಲಿ ನಿಂತಿದ್ದವು. ಒಂದೇ ಮನೆಯವರು ಒಬ್ಬರೊಡನೊಬ್ಬರು ಮಾತು ಬಿಟ್ಟಂತೆ.

ಇದು ಹೊಸ ಸಂಗತಿಯೇನಲ್ಲ. ಈ ಕೊಳಲು ಬಲ್ಲವರಿಗೆಲ್ಲ ಗೊತ್ತಿದ್ದದ್ದೇ. "ಆ ಕಾಲದವರ ರುಚಿ ಹಾಗಿತ್ತು" ಎಂದು ದೊಡ್ಡಪ್ಪ ವಿವರಿಸುತ್ತಿದ್ದ, ಬಂದ ಪಂಡಿತರು ಬರೆದುಕೊಂಡು ಹೋಗುತ್ತಿದ್ದರು. ಇದರ ಅಳತೆಯಿಂದ ಇಲ್ಲಿಯವರೆಗೆ ಅರವತ್ತು ಕೊಳಲು ಮಾಡಿದ್ದರು, ಆ ರುಚಿಯನ್ನು ಕೂದಲೆಳೆಯಷ್ಟೂ ಬಿಡದೆ. ಸಂಗೀತಶಾಲೆಯ ಮಕ್ಕಳು ಮೇಲಿನ ಸ್ವರ ತಗ್ಗಿಸಲು ತುಟಿ ಎಡಕ್ಕೆ, ಕೆಳಗಿನದು ಏರಿಸಲು ಬಲಕ್ಕೆ ತಿರುಗಿಸಿ ಊದುವುದನ್ನು ಕಲಿತಿದ್ದರು. ಅವರ ಕಛೇರಿಗೆ ಒಮ್ಮೆ ಹೋಗಿದ್ದ ಅಜ್ಜಿ ಹೊರಗೆ ಬಂದು, "ಪಾಪ, ಮಕ್ಕಳಿಗೆಲ್ಲ ಒಟ್ಟಿಗೇ ಹಲ್ಲುನೋವಾ?" ಎಂದು ಕೇಳಿದ್ದಳು. ದೊಡ್ಡಪ್ಪ ಆ ದಿನ ನಕ್ಕಿರಲಿಲ್ಲವೆಂಬುದು ಅವಳಿಗೆ ಈಗ ನೆನಪಾಯಿತು.

ಮಂಗಳವಾರ ಕೊಳಲನ್ನು ಬಿಡಿಸಿ ಹಳೆಯ ನೂಲೆಲ್ಲ ತೆಗೆದಳು. ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದಿಲ್ಲವೆನ್ನಬಹುದು. ಒಳಗಿನ ತೂತು ಎಲ್ಲ ತುಂಡುಗಳಲ್ಲೂ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಅದು ಸಹಜ. ಭೂತಗನ್ನಡಿ ಹಿಡಿದು ಕತ್ತುಗಳನ್ನು ನೋಡಿದಳು. ನೂಲು ಜಾರದಿರಲೆಂದು ಕೊಳಲು ಮಾಡಿದಾತ ಪ್ರತಿ ಕತ್ತಿನ ತುದಿಯಲ್ಲೂ ಮೂರು ಸಣ್ಣ ಗೀರು ಕೊರೆದಿದ್ದ. ಮೂರೇ, ಸಮದೂರದಲ್ಲಿ, ನಡುವಿನದು ಚೂರು ಆಳ. ಊದುವ ರಂಧ್ರವಿರುವ ತಲೆತುಂಡಿನ ಕೆಳಗಿನ ತುಂಡಿಗೆ ಬಂದಾಗ ಅವಳ ಕೈ ನಿಂತಿತು. ಅದರ ಮೇಲಿನ ಕತ್ತಿನಲ್ಲಿ ಗೀರುಗಳಿರಲಿಲ್ಲ. ಬದಲು ಬಾಚಣಿಗೆ ಎಳೆದಂತೆ ಒರಟು ಗೆರೆಗಳಿದ್ದವು.

"ಏನು, ಅದರ ತಲೇಲಿ ಹೇನು ಹುಡುಕ್ತಿದ್ದೀಯಾ?" ಎಂದ ದೊಡ್ಡಪ್ಪ ಆಚೆ ಮೇಜಿನಿಂದ.

"ಇದರಲ್ಲಿ ಗೀರಿಲ್ಲ ದೊಡ್ಡಪ್ಪ. ಬೇರೆ ಎರಡು ಕತ್ತಲ್ಲೂ ಇದೆ."

"ಆಂ?"

ಅವಳು ದನಿ ಏರಿಸಿ ಮತ್ತೆ ಹೇಳಿದಳು.

"ಸವೆದಿರುತ್ತೆ" ಎಂದ. ಆಮೇಲೆ ಎದ್ದು, ಇನ್ನೂ ನಾಲ್ಕು ಗಂಟೆಯಾಗದಿದ್ದರೂ ಕೊಡೆ ತೆಗೆದುಕೊಂಡು, ಫ್ಲಾಸ್ಕಿನ ಚಹಾ ಹಾಗೇ ಬಿಟ್ಟು ಮನೆಗೆ ಹೊರಟ.

ಸವೆದರೆ ನುಣುಪಾಗಬೇಕು, ಒರಟಾಗುವುದಿಲ್ಲ. ಇದನ್ನು ಅವಳಿಗೆ ಹೇಳಿಕೊಟ್ಟವನೇ ಅವನು. ಹೆಬ್ಬೆರಳ ಉಗುರನ್ನು ಇನ್ನೊಂದು ಕತ್ತಿನ ಗೀರುಗಳ ಮೇಲೆ ಎಳೆದುನೋಡಿದಳು. ಟಿಕ್, ಟಿಕ್, ಟಿಕ್. ನಡುವಿನದರಲ್ಲಿ ಉಗುರು ಸ್ವಲ್ಪ ಇಳಿದು ಏಳುತ್ತಿತ್ತು. ಆ ಲಯ ಅವಳಿಗೆ ಗೊತ್ತು. ಕಣ್ಣೆವೆ ಭಾರವಾಗುವಷ್ಟು ಚೆನ್ನಾಗಿ ಗೊತ್ತು.

ಇಬ್ಬರೂ ಇದ್ದ ಅಜ್ಜಿಯ ಮನೆ ತಲುಪಿದಾಗ ದೊಡ್ಡಪ್ಪ ಹೊರಕೋಣೆಯಲ್ಲಿ ಪತ್ರಿಕೆ ಅಗಲಿಸಿಕೊಂಡು ಅದರ ಹಿಂದೆ ಕುಳಿತಿದ್ದ. ಅವಳು ಸೀದಾ ಅಡುಗೆಮನೆಗೆ ಹೋದಳು. ಬಾಗಿಲ ಹಿಂದಿನ ಮೊಳೆಯಲ್ಲಿ ಅಜ್ಜಿಯ ಬೀಗದಕೈ ಗೊಂಚಲು, ನಾಲ್ಕು ವರ್ಷದಿಂದ ಇದ್ದಲ್ಲೇ ಇತ್ತು. ಏಳು ಕೀಲಿ, ಅವುಗಳಲ್ಲಿ ನಾಲ್ಕಕ್ಕೆ ಈಗ ಬೀಗಗಳೇ ಇಲ್ಲ. ದಾರ ಹಾದುಹೋಗಿದ್ದದ್ದು ಒಂದು ಮರದ ಉಂಗುರದ ಮೂಲಕ. ಅಜ್ಜಿಯ ಕೈಯೆಣ್ಣೆ ಕುಡಿದು ಕಪ್ಪಾಗಿತ್ತು. ಹೊರಮೈಯಲ್ಲಿ ಮೂರು ಗೀರು, ನಡುವಿನದು ಚೂರು ಆಳ.

ಅವಳು ಒಲೆಕಟ್ಟೆಗೆ ಆನಿಕೊಂಡು ನಿಂತಳು. ಕಥೆಯ ರಾಜನಿಗೆ ಅವಳು ಎಷ್ಟೋ ಮುಖ ತೊಡಿಸಿದ್ದಳು, ಕೊಳಲಿಗೆ ನೂರು ಬಣ್ಣ ಹಚ್ಚಿದ್ದಳು. ಬಡಗಿಗೆ ಮುಖವೊಂದು ಬೇಕೆಂದು ಮಾತ್ರ ಯಾವತ್ತೂ ಅನಿಸಿರಲಿಲ್ಲ. ಹೊರಗೆ ಪತ್ರಿಕೆಯ ಹಾಳೆ ಮಗುಚಿದ ಸದ್ದಾಗಲಿಲ್ಲ. ಬಹಳ ಹೊತ್ತು ಆಗಲೇ ಇಲ್ಲ.

ಬುಧವಾರ ಉಂಗುರವನ್ನು ಕರವಸ್ತ್ರದಲ್ಲಿ ಸುತ್ತಿ ತಂದಳು. ದೊಡ್ಡಪ್ಪ ಮೈ ಸರಿಯಿಲ್ಲವೆಂದು ಮನೆಯಲ್ಲೇ ಉಳಿದಿದ್ದ. ಭೂತಗನ್ನಡಿಯ ಕೆಳಗೆ ಉಂಗುರದ ಕೊಯ್ದ ಮುಖವನ್ನೂ ಕತ್ತಿನ ತುದಿಯನ್ನೂ ಎದುರುಬದುರು ಹಿಡಿದಳು. ಮರದಲ್ಲೊಂದು ಕಂದು ಎಳೆಯಿತ್ತು, ಬಾಗಿದ ರೆಪ್ಪೆಕೂದಲಿನಂಥದು. ಅದು ಉಂಗುರದಲ್ಲಿ ಹುಟ್ಟಿ ಕತ್ತಿನಲ್ಲಿ ಮುಂದುವರಿಯುತ್ತಿತ್ತು. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ. ಯಾರೋ ಕತ್ತಿನ ತುದಿ ಕೊಯ್ದು, ಉಳಿದದ್ದನ್ನು ಮತ್ತಷ್ಟು ಕೆಳಗಿನವರೆಗೆ ಸಣ್ಣಗೆ ಮಾಡಿ, ಕೊಳಲನ್ನು ಮೋಟು ಮಾಡಿದ್ದರು. ಊದುವ ರಂಧ್ರಕ್ಕೆ ಹತ್ತಿರದ ಸ್ವರಗಳಿಗೆ ಆ ಕೊರತೆ ಹೆಚ್ಚು ತಟ್ಟುತ್ತದೆ, ದೂರದವಕ್ಕೆ ಕಡಿಮೆ. ಸ್ವರಗಳು ಮಾತು ಬಿಟ್ಟದ್ದು ಅದಕ್ಕೆ. ಅಂದಿನವರ ರುಚಿಯಲ್ಲ, ಅದು ಗಾಯ.

ಅಳತೆಯ ಕ್ಯಾಲಿಪರ್ ಉಂಗುರದ ಅಗಲ ಒಂಬತ್ತೂವರೆ ಮಿಲಿಮೀಟರ್ ತೋರಿಸಿತು. ಆದರೆ ಕೊಯ್ಯುವಾಗ ಗರಗಸವೂ ಒಂದಿಷ್ಟು ಮರ ತಿಂದಿರುತ್ತದೆ. ಎಷ್ಟೆಂದು ಉಂಗುರ ಹೇಳದು, ಕೊಳಲೂ ಹೇಳದು. ಹೇಳಬಲ್ಲವನು ಮನೆಯಲ್ಲಿ ಮುಸುಕು ಹೊದ್ದು ಮಲಗಿದ್ದ.

ಬುಧವಾರವಿಡೀ, ಗುರುವಾರವಿಡೀ ಅವಳು ಒಂದೇ ಲೆಕ್ಕಾಚಾರದಲ್ಲಿ ಸುತ್ತಿದಳು. ನಾನೂರ ಒಂಬತ್ತು ಎಂದು ಬರೆದರೆ ಯಾರಿಗೂ ತಿಳಿಯುವುದಿಲ್ಲ. ಇನ್ನು ಹನ್ನೊಂದು ದಿನಕ್ಕೆ ದೊಡ್ಡಪ್ಪ ತಲೆಯೆತ್ತಿಕೊಂಡು ಮೆಟ್ಟಿಲು ಹತ್ತಿ ಹೋಗುತ್ತಾನೆ. ನಿಜ ಬರೆದರೆ ಮೂವತ್ತಾರು ವರ್ಷದ ಕೆಲಸವೆಲ್ಲ ಆ ಒಂದು ಉಂಗುರದ ತೂತಿನಿಂದ ಸೋರಿಹೋಗುತ್ತದೆ. ಅವನು ಕೂಡಿಸಿದ ನೂರಾರು ವಾದ್ಯ ಯಾರಿಗೂ ನೆನಪಿರುವುದಿಲ್ಲ, ಮೋಟು ಮಾಡಿದ್ದೊಂದೇ ಉಳಿಯುತ್ತದೆ. ಅವಳಿಗೆ ಜ್ವರ ಬಂದಾಗ ತಲೆಗೆ ಒದ್ದೆಬಟ್ಟೆ ಹಾಕುತ್ತ ಕೂತಿದ್ದ ಕೈ ಅದು. ಅದರ ಬಗ್ಗೆ ಅವಳು ಕಾರ್ಡು ಬರೆಯಬೇಕು. ಬರೆಯದಿದ್ದರೆ ಇನ್ನೂ ಮೂವತ್ತು ಮಕ್ಕಳು ತುಟಿ ಸೊಟ್ಟ ಮಾಡಿಕೊಂಡು, ತಮ್ಮಲ್ಲೇ ಏನೋ ಐಬಿದೆಯೆಂದುಕೊಂಡು ಬೆಳೆಯುತ್ತಾರೆ. ಊಟದ ಹೊತ್ತಿಗೆ ಇಬ್ಬರೂ ತಟ್ಟೆ ನೋಡಿಕೊಂಡೇ ಉಂಡರು. ಅಡುಗೆಮನೆಯ ಮೊಳೆ ಖಾಲಿಯಿತ್ತು. ಅದನ್ನು ಇಬ್ಬರೂ ನೋಡಿದ್ದರು.

ಶುಕ್ರವಾರ ದೊಡ್ಡಪ್ಪ ಕೆಲಸಕ್ಕೆ ಬಂದ. ಬಂದವನು ಕೊಡೆ ಮೂಲೆಗಿಟ್ಟು, ಕುರ್ಚಿಯ ದೂಳು ಕೊಡವಿ ಕುಳಿತ. ಅವಳು ಎದ್ದುಹೋಗಿ ಉಂಗುರವನ್ನು ಅವನ ಮೇಜಿನ ಮೇಲಿಟ್ಟಳು.

ಅವನು ಅದನ್ನು ಮುಟ್ಟಲಿಲ್ಲ. "ಕೀಲಿಗಳನ್ನ ಏನ್ ಮಾಡಿದೆ?" ಎಂದು ಕೇಳಿದ.

"ದಾರಕ್ಕೇ ಕಟ್ಟಿಟ್ಟಿದ್ದೀನಿ."

"ಕಳೆದುಹೋದೀತು, ಜೋಪಾನ."

"ದೊಡ್ಡಪ್ಪ."

"ಕೇಳಿಸ್ತಿದೆ. ಇಷ್ಟು ಹತ್ತಿರ ನಿಂತ್ರೆ ಕೇಳಿಸುತ್ತೆ." ಅವನು ಕನ್ನಡಕ ತೆಗೆದು ಮೇಜಿಗಿಟ್ಟ. "ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರಲಿಲ್ಲ. ಯಾರೋ ದೊಡ್ಡವರು ಬರ್ತಾರೆ ಅಂತ ಕಛೇರಿ ಇಟ್ಟಿದ್ರು. ಕೊಳಲು ಬೇರೆಯವಕ್ಕೆ ಹೊಂದ್ತಿರಲಿಲ್ಲ. ಆಗಿನ ಸಾಹೇಬ್ರು ಕರೆದು, ಒಂಚೂರು ತೆಗಿ, ಯಾರಿಗೆ ಗೊತ್ತಾಗುತ್ತೆ ಅಂದ್ರು. ಆಗ ಇಂಥ ಮರಗಿರಕ್ಕೆಲ್ಲ ಯಾರು ಬೆಲೆ ಕೊಡ್ತಿದ್ರು? ತೆಗೆದೆ."

"ಸಾಹೇಬ್ರು ಹೇಳಿದ್ದಲ್ವಾ ಹಾಗಾದ್ರೆ. ನೀವಲ್ಲ."

"ಗರಗಸ ಸಾಹೇಬ್ರ ಕೈಲಿರಲಿಲ್ಲ." ಅವನು ಮೇಜಿನ ಮೇಲಿನ ಮರದ ಹುಡಿಯನ್ನು ಕೈಯಿಂದ ಸರಿಸಿದ. "ಎಂಟು ವರ್ಷ ಆದ್ಮೇಲೆ ಶ್ರುತಿ ಹುಡುಕ್ತೀವಿ ಅಂತ ಪಂಡಿತರು ಬಂದ್ರು. ಇದನ್ನ ಯಾರಾದ್ರೂ ಮುಟ್ಟಿದಾರಾ ಅಂತ ನನ್ನನ್ನೇ ಕೇಳಿದ್ರು. ಇಲ್ಲ ಅಂದೆ. ಬಾಯಿಗೆ ಬಂತು, ಅಂದ್ಬಿಟ್ಟೆ. ಆಮೇಲೆ ಅದರ ಮೇಲೆ ಅರವತ್ತು ಕೊಳಲು ನಿಂತ್ಕೊಂಡ್ವು. ಹೇಗೆ ಎಳೆದು ತೆಗೀಲಿ ಹೇಳು."

"ಚೂರು ಇಟ್ಕೊಂಡ್ರಲ್ಲ."

"ಹಳೇ ವಾದ್ಯದಿಂದ ತೆಗೆದದ್ದನ್ನ ಎಸೀಬಾರದು. ನಿನಗೆ ಮೊದಲನೇ ದಿನ ಹೇಳಿಕೊಟ್ಟಿದ್ದು ಅದನ್ನೇ ಅಲ್ವಾ? ಇಲ್ಲಿಟ್ರೆ ಯಾರಾದ್ರೂ ನೋಡ್ತಾರೆ ಅಂತ ಮನೆಗೆ ತಂದೆ. ಅಮ್ಮ ಏನದು ಅಂದ್ಳು, ಹೇಳಿದೆ. ಬೈಲಿಲ್ಲ. ತಗೊಂಡು ಬೀಗದಕೈಗೆ ಹಾಕ್ಕೊಂಡ್ಳು. ಅಷ್ಟೇ."

"ನನಗೆ ಕಥೆ ಹೇಳ್ತಿದ್ಳು."

"ಗೊತ್ತು. ಪಕ್ಕದ ಕೋಣೇಲೇ ಇರ್ತಿದ್ದೆನಲ್ಲ ರಜಾ ದಿನ. ಆಗ ಕಿವಿ ಚೆನ್ನಾಗಿತ್ತು. ಪ್ರತಿ ಸಲ ಬಡಗಿ ಹೆಸರು ಹೇಳಿಬಿಡ್ತಾಳೇನೋ ಅಂತ ಕಾಯ್ತಿದ್ದೆ." ಅವನು ಈಗ ಉಂಗುರ ಎತ್ತಿಕೊಂಡ, ಎಣ್ಣೆಗಪ್ಪಿನ ಮೇಲೆ ಹೆಬ್ಬೆರಳು ಆಡಿಸಿದ. "ಮೇಡಂಗೆ ಹೇಳಿದ್ಯಾ?"

"ಇಲ್ಲ."

"ಹೇಳಬೇಡ ಅಂದ್ರೆ?"

"ಹೇಳಲ್ಲ. ಆದ್ರೆ ನಾನೂರ ಒಂಬತ್ತು ಅಂತ ನನ್ನ ಕೈಯಿಂದ ಬರೆಯಕ್ಕಾಗಲ್ಲ ದೊಡ್ಡಪ್ಪ. ಆ ಜಾಗ ಖಾಲಿ ಬಿಡ್ತೀನಿ. ಯಾಕೆ ಅಂತ ಕೇಳಿದ್ರೆ ನನಗೆ ಗೊತ್ತಾಗಲಿಲ್ಲ ಅಂತೀನಿ."

"ದಡ್ಡಿ ಅಂದ್ಕೊಳ್ತಾರೆ."

"ಮೋಡದಮ್ಮ ಅಂತಾರಲ್ಲ ಆಗ್ಲೇ. ದೊಡ್ಡ ವ್ಯತ್ಯಾಸ ಏನಾಗಲ್ಲ."

ಅವನ ಮುಖದಲ್ಲಿ ನಗೆಯಂಥದ್ದೇನೋ ಮೂಡಿ ಅರ್ಧದಲ್ಲೇ ಮುರಿಯಿತು. ಉಂಗುರವನ್ನು ಅವಳ ಮೇಜಿನ ಮೇಲಿಟ್ಟು ಕೊಡೆ ತೆಗೆದುಕೊಂಡು ಹೊರಟುಹೋದ. ಆ ದಿನದ ಐದು ನಿಮಿಷವನ್ನು ಅವಳು ಊದದೆಯೇ ಕಳೆದಳು.

ಶನಿವಾರ ಬೆಳಿಗ್ಗೆ ಅವಳಿಗಿಂತ ಮೊದಲೇ ಅವನು ಮನೆ ಬಿಟ್ಟಿದ್ದ. ಕೋಣೆಯ ಬಾಗಿಲು ತೆರೆದಾಗ ಅವಳದೇ ಕುರ್ಚಿಯಲ್ಲಿ ಕುಳಿತಿದ್ದ, ಮುಂದೆ ಹಳೆಯ ಬಟ್ಟೆಯಲ್ಲಿ ಸುತ್ತಿದ ಏನೋ. ಬಿಚ್ಚಿ ತೋರಿಸಿದ. ಗೇಣುದ್ದದ ಗರಗಸ, ಹಲ್ಲುಗಳು ಇರುವೆಯ ಕಾಲಿನಷ್ಟು ಸಣ್ಣವು.

"ಇದನ್ನ ಮತ್ತೆ ಯಾವುದಕ್ಕೂ ಹಿಡೀಲಿಲ್ಲ" ಎಂದ. "ಹಲ್ಲು ಆವತ್ತು ಹೇಗಿತ್ತೋ ಹಾಗೇ ಇದೆ. ಒಂದು ಮರದ ಚೂರು ಕೊಯ್ದು ನೋಡು."

ಅವಳು ಕೊಯ್ದು ಸೀಳನ್ನು ಅಳೆದಳು. ಅರ್ಧ ಮಿಲಿಮೀಟರ್. ಒಂಬತ್ತೂವರೆಗೆ ಅರ್ಧ ಸೇರಿಸಿದರೆ ಹತ್ತು. ದಪ್ಪ ಕಾಗದವನ್ನು ಉಂಗುರದಷ್ಟೇ ಸುತ್ತಳತೆಯ ಬಳೆಗಳಾಗಿ ಕತ್ತರಿಸಿ, ಒಂದರ ಮೇಲೊಂದಿಟ್ಟು, ಅರ್ಧ ಮಿಲಿಮೀಟರ್ ಆಗುವವರೆಗೆ ಹೊಂದಿಸಿಕೊಟ್ಟವನು ದೊಡ್ಡಪ್ಪ. ತಲೆತುಂಡಿನ ಗೂಡಿನೊಳಗೆ ಮೊದಲು ಉಂಗುರ, ಅದರ ಮೇಲೆ ಕಾಗದ, ಆಮೇಲೆ ಹೊಸ ನೂಲು ಸುತ್ತಿದ ಕತ್ತು. ಕತ್ತು ಉಂಗುರಕ್ಕೆ ತಾಗಿ ನಿಂತಿತು. ಹೊರಗಡೆ ಎರಡು ತುಂಡುಗಳ ನಡುವೆ ಹತ್ತು ಮಿಲಿಮೀಟರ್ ಬರಿಯ ನೂಲು ಕಾಣುತ್ತಿತ್ತು, ಪಟ್ಟಿ ಕಟ್ಟಿದ ಹಾಗೆ.

"ಊದು. ಐದೇ ನಿಮಿಷ."

ಅವಳು ಎಲ್ಲ ರಂಧ್ರ ಮುಚ್ಚಿದಳು. ಕೊಳಲಿನ ಕೆಳತುದಿಯನ್ನು ದೊಡ್ಡಪ್ಪ ಎರಡು ಬೆರಳಲ್ಲಿ ಹಿಡಿದುಕೊಂಡ. ಈಚೆಗೆ ಅವನಿಗೆ ಕೇಳಿಸುವುದಕ್ಕಿಂತ ಹೆಚ್ಚು ಹೀಗೆ ತಿಳಿಯುತ್ತಿತ್ತು. ಅವಳು ಉಸಿರು ಬಿಟ್ಟಳು. ದನಿ ತಗ್ಗಾಗಿ ಬಂತು, ನಿದ್ದೆಯ ಅಂಚಿನದು. ಒಂದೊಂದೇ ಬೆರಳು ತೆಗೆಯುತ್ತ ಮೇಲೆ ಹೋದಳು. ತುಟಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಬೇಕಾಗಲಿಲ್ಲ. ಸ್ವರಗಳು ಒಂದರ ಹೆಗಲಿಗೊಂದು ಕೈಹಾಕಿಕೊಂಡು ಬಂದವು. ಶ್ರುತಿಸ್ವರಕ್ಕೆ ಬಂದು ನಿಂತು, ಉಪಕರಣದ ಮುಳ್ಳು ಅಲುಗದೆ ನಿಲ್ಲುವವರೆಗೆ ಹಿಡಿದಳು. ಮೂರು ಸಲ ಊದಿದಳು. ಮೂರು ಸಲವೂ ಅದೇ ತೋರಿಸಿತು.

ದೊಡ್ಡಪ್ಪ ಬೆರಳು ತೆಗೆಯಲಿಲ್ಲ. ಸ್ವರ ನಿಂತ ಮೇಲೂ ಹಾಗೇ ಹಿಡಿದಿದ್ದ. ಕಣ್ಣಿನಿಂದ ನೀರು ಬಂತು. ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ.

"ಇಷ್ಟು ತಗ್ಗಿತ್ತಾ ಇದು" ಎಂದ ಕೊನೆಗೆ. "ನಾನು ಮರೆತೇಬಿಟ್ಟಿದ್ದೆ."

ಹೊಸ ಕಾರ್ಡನ್ನು ಅವಳು ಮೇಜಿನ ಮೇಲಿಟ್ಟು ಪೆನ್ನು ತೆಗೆದಳು. ಕೊಳಲಿನ ಕಾಲ, ಮರ, ತುಂಡುಗಳ ಲೆಕ್ಕ ಬರೆದಳು. ಮುಂದಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ದೊಡ್ಡಪ್ಪ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಕಾರ್ಡನ್ನು ತನ್ನ ಕಡೆ ತಿರುಗಿಸಿಕೊಂಡು, ಅದೇ ದುಂಡು ಅಕ್ಷರದಲ್ಲಿ ಬರೆದ: ಮೇಲಿನ ಕತ್ತನ್ನು ಹತ್ತು ಮಿಲಿಮೀಟರ್ ಕೊಯ್ಯಲಾಗಿದೆ. ಕೊಯ್ದವನು ಈ ಸಂಗ್ರಹಾಲಯದ ದುರಸ್ತಿಗಾರ. 'ಮುಟ್ಟಿಲ್ಲ' ಎಂದು ಹಿಂದಿನ ಕಾರ್ಡಿನಲ್ಲಿ ಬರೆದವನೂ ಅವನೇ. ಕೆಳಗೆ ತನ್ನ ಪೂರ್ತಿ ಹೆಸರು ಬರೆದು, ಪೆನ್ನನ್ನು ಅವಳಿಗೆ ಹಿಂತಿರುಗಿಸಿದ.

"ಅಂಕಿ ನೀನು ಬರಿ. ಮಾತು ಕೊಟ್ಟವಳು ನೀನು."

ಮೇಲೆ ಮೆಟ್ಟಿಲಲ್ಲಿ ಮೇಡಂ ಚಪ್ಪಲಿಯ ಸದ್ದು ಕೇಳಿಸಿತು, ಅವಳಿಗೆ ಮಾತ್ರ. ಅವರು ಏನನ್ನುತ್ತಾರೋ, ಅರವತ್ತು ಕೊಳಲು ಮಾಡಿದವರು ಏನನ್ನುತ್ತಾರೋ, ಉಳಿದ ದಿನ ಈ ಕೋಣೆಯಲ್ಲಿ ದೊಡ್ಡಪ್ಪ ಹೇಗೆ ಕೂರುತ್ತಾನೋ, ಒಂದೂ ಅವಳಿಗೆ ತಿಳಿಯದು. ಸದ್ದು ಕೊನೆಯ ಮೆಟ್ಟಿಲಿಗೆ ಬರುವ ಮೊದಲು ಅವಳು ಕಾರ್ಡಿನ ಮೇಲೆ ಬಾಗಿ, ಖಾಲಿಯಿದ್ದ ಜಾಗದಲ್ಲಿ ಮೂರು ಅಂಕಿ ಬರೆದಳು: ೩೯೯.